‘ಮತ್ತು’, ‘ಅಥವಾ’ ನಡುವಿನ ಗೆರೆ

ಜೂನ್ 12

ಪ್ರೀತಿಯ ನಾದಿನಿಗೆ,

ಹಾಸ್ಟೆಲ್ ರೂಮು ಹೇಗಿದೆ? ಕಿಟಕಿ ಇದೆಯೋ, ಗೋಡೆ ನೋಡ್ಕೊಂಡು ಕೂತಿದ್ದೀಯೋ? ನೀನು ಹೋಗಿ ಹತ್ತು ದಿನ ಆಯ್ತು, ಇಲ್ಲಿ ಹತ್ತು ತಿಂಗಳಾದ ಹಾಗಿದೆ. ಹೆಡ್ ಮಿಸ್ ಇಲ್ಲ ಅಂತ ಗೊತ್ತಾದದ್ದೇ ತಡ, ಇಪ್ಪತ್ತಮೂರು ಮಕ್ಕಳೂ ನನ್ನ ತಲೆ ಮೇಲೆ ಕೂತಿವೆ. ಕೆಳಗೆ ಪ್ರಿಂಟಿಂಗ್ ಪ್ರೆಸ್ಸು ಶುರುವಾದರೆ ಸಾಕು, ಎಲ್ಲವೂ ಚಪ್ಪಲಿ ಬಿಟ್ಟು ಅಂಗಾಲು ಊರಿ ನಿಂತುಬಿಡ್ತಾವೆ. ಕಿವಿ ಕೇಳದಿದ್ದರೇನು, ಯಾವ ಮಷೀನು ಓಡ್ತಿದೆ ಅಂತ ಕಾಲಲ್ಲೇ ಹೇಳ್ತಾವೆ. ಪಾಠಕ್ಕೆ ನಮ್ಮ ಟೈಲರಕ್ಕ ಇರೋದರಿಂದ ಬಚಾವಾದೆ. ಅವಳಿಗೂ ಕಿವಿ ಕೇಳಿಸಲ್ಲವಲ್ಲ, ಮಕ್ಕಳು ಬೆಂಚು ಎಳೆದಾಡಿದರೂ ತಲೆನೋವು ಬರಲ್ಲ, ಪುಣ್ಯವಂತೆ!

ನಮ್ಮ ಅಳಿಲು ದಿನಾ ಬಾಗಿಲಿಗೆ ಹೋಗಿ ‘ಅತ್ತೆ ಎಲ್ಲಿ’ ಅಂತ ಕೈ ತಿರುಗಿಸ್ತಾಳೆ. ನಿನ್ನ ಸೊಸೆಗೆ ನಾನು ಹೆತ್ತವಳು ಅನ್ನೋದೇ ಮರೆತುಹೋಗಿದೆ.

ಇದರ ಜೊತೆ ಒಂದು ಕಾಗದ ಇಟ್ಟಿದ್ದೀನಿ. ನೀನು ಒಂದು ವರ್ಷ ಟ್ರೇನಿಂಗಿಗೆ ಹೋಗಿರೋದರಿಂದ ಶಾಲೆಯ ಟ್ರಸ್ಟ್ ಪತ್ರ ಹೊಸದಾಗಿ ಆಗಬೇಕು ಅಂದರು ವಕೀಲರು. ಕರಡು ಅವರದು, ಟೈಪಿಂಗ್ ನನ್ನದು. ಅವರ ಆಫೀಸಿನಲ್ಲಿ ಒಂಬತ್ತು ವರ್ಷ ಕೀಲಿ ಕುಟ್ಟಿದ್ದು ಈಗ ನಮ್ಮ ಶಾಲೆಗೇ ಉಪಯೋಗಕ್ಕೆ ಬಂತು ನೋಡು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಬೇಗ ಕಳಿಸು.

ನಿನ್ನ ಅತ್ತಿಗೆ


ಜೂನ್ 19

ಪ್ರೀತಿಯ ಅತ್ತಿಗೆ,

ಕಿಟಕಿ ಇದೆ. ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅಲ್ಲಿಗೆ ನಿಮ್ಮ ಎರಡು ಪ್ರಶ್ನೆಗೂ ಉತ್ತರ ಆಯ್ತು.

ಕಾಗದ ಓದಿದೆ. ನನ್ನ ಇಂಗ್ಲಿಷು ನಿಮಗೆ ಗೊತ್ತೇ ಇದೆ, ಹೊಸ್ತಿಲು ದಾಟುವಾಗಲೇ ಮುಗ್ಗರಿಸುತ್ತೆ. ಉಳಿದದ್ದು ಹೇಗೋ ಅರ್ಥ ಆಯ್ತು, ನಾಲ್ಕನೇ ಕಲಮಿನಲ್ಲಿ ಸಿಕ್ಕಿಕೊಂಡೆ. ಶಾಲೆಯ ಎಲ್ಲ ಕರಾರಿಗೂ ಸಹಿ ಮಾಡುವ ಅಧಿಕಾರ ‘ಹೆಡ್ ಟೀಚರ್ ಆ್ಯಂಡ್, ಒಂದು ಓರೆಗೆರೆ, ಆರ್ ಸೆಕ್ರೆಟರಿ’ಗೆ ಅಂತ ಇದೆ. ಹೆಡ್ ಟೀಚರ್ ನಾನು, ಸೆಕ್ರೆಟರಿ ನೀವು, ಅದು ಸರಿ. ‘ಆ್ಯಂಡ್’ ಅಂದರೆ ಮತ್ತು. ‘ಆರ್’ ಅಂದರೆ ಅಥವಾ. ಎರಡೂ ಒಟ್ಟಿಗೆ ಬಂದರೆ ಏನು?

ಕೈಮಾತಿನಲ್ಲಿ ಹೇಳಿ ನೋಡಿದೆ, ಆಗಲಿಲ್ಲ. ‘ಮತ್ತು’ಗೆ ಎರಡು ಮುಷ್ಟಿ ಸೇರಿಸಬೇಕು. ‘ಅಥವಾ’ಗೆ ಬೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಕೈ ಸೇರಿಸಿಕೊಂಡು ಬೆರಳು ಆಡಿಸೋದು ಹೇಗೆ? ನಮ್ಮ ಮಕ್ಕಳಾಗಿದ್ದರೆ ‘ಯಾವುದು, ಸರಿಯಾಗಿ ಹೇಳು’ ಅಂತ ಮೊಣಕೈ ತಿವೀತಿದ್ದವು.

ನೀವು ಹೇಳಿದ ಮೇಲೆ ಸಹಿ ಮಾಡ್ತೀನಿ. ಅಳಿಲಿಗೆ ಅತ್ತೆಯ ಎರಡು ಮುತ್ತು.

ನಿಮ್ಮ ನಾದಿನಿ


ಜೂನ್ 25

ಪ್ರೀತಿಯ ನಾದಿನಿಗೆ,

ಅಯ್ಯೋ, ಇಷ್ಟಕ್ಕೆ ತಲೆ ಕೆಡಿಸಿಕೊಂಡೆಯಾ? ಅದು ಕೋರ್ಟು ಕಚೇರಿ ಕಾಗದಗಳ ಜಾಯಮಾನ. ನಾನು ಒಂಬತ್ತು ವರ್ಷದಲ್ಲಿ ಅದನ್ನ ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೀನೋ. ಇಬ್ಬರೂ ಸೇರಿ ಅಂತಲೇ ಅರ್ಥ. ‘ಆರ್’ ಯಾಕೆ ಇರುತ್ತೆ ಅಂದರೆ, ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಹೆಚ್ಚು ಕಡಿಮೆ ಆದರೆ ಶಾಲೆಗೆ ಬೀಗ ಬೀಳಬಾರದಲ್ಲ, ಅದಕ್ಕೆ. ನಾನು ಗಟ್ಟಿಮುಟ್ಟಾಗಿದ್ದೀನಿ, ನೀನೂ ಗುಂಡುಕಲ್ಲಿನ ಹಾಗೆ ಇದ್ದೀಯ. ಆ ‘ಆರ್’ಗೆ ಕೆಲಸವೇ ಇಲ್ಲ.

ನಿಮ್ಮಣ್ಣ ಗೂಡ್ಸ್ ಗಾಡಿ ಹತ್ತಿ ಹೋಗಿ ಆರು ದಿನ ಆಯ್ತು. ಗಾರ್ಡ್ ಕೆಲಸ ಅಂದರೆ ಮನೆ ಬಿಟ್ಟು ಎಲ್ಲವನ್ನೂ ಕಾಯೋದು.

ಸಹಿ ಮಾಡಿ ಕಳಿಸು ಮಾರಾಯ್ತಿ.

ನಿನ್ನ ಅತ್ತಿಗೆ


ಜುಲೈ 1

ಪ್ರೀತಿಯ ಅತ್ತಿಗೆ,

ಐದು ಕಡೆ ಸಹಿ ಮಾಡಿದ್ದೀನಿ. ನೀವು ಪೆನ್ಸಿಲ್ ಗುರುತು ಹಾಕಿದ್ದು ನಾಲ್ಕೇ ಕಡೆ, ಇನ್ನೊಂದು ಸಿಕ್ಕಿತು, ಅಲ್ಲೂ ಮಾಡಿದೆ! ಟ್ರೇನಿಂಗಿನಲ್ಲಿ ಬೆಳಗ್ಗೆ ಪಾಠ, ಮಧ್ಯಾಹ್ನ ಇಲ್ಲಿನ ಕಿವುಡ ಮಕ್ಕಳ ಶಾಲೆಯಲ್ಲಿ ಅಭ್ಯಾಸ. ಈ ಮಕ್ಕಳ ಕೈಮಾತು ನಮ್ಮದಕ್ಕಿಂತ ಸ್ವಲ್ಪ ಬೇರೆ. ಮೊದಲ ದಿನ ನಾನು ‘ನೀರು ಬೇಕಾ’ ಅಂತ ಕೇಳಿದ್ದಕ್ಕೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಏನು ಕೇಳಿದೆನೋ ಯಾರೂ ಹೇಳ್ತಿಲ್ಲ.

ನಿಮ್ಮ ನಾದಿನಿ


ಸೆಪ್ಟೆಂಬರ್ 8

ಪ್ರೀತಿಯ ನಾದಿನಿಗೆ,

ಬರೆಯೋದು ತಡ ಆಯ್ತು. ಕೆಲಸ ಜಾಸ್ತಿ.

ಮಾರ್ಚ್ ಒಳಗೆ ಮಹಡಿ ಖಾಲಿ ಮಾಡಿ ಅಂತ ಪ್ರೆಸ್ಸಿನ ಯಜಮಾನರು ಮತ್ತೆ ಅಂದರು. ಹೋದ ವಾರ ದೊಡ್ಡ ಸಂಸ್ಥೆಯೊಂದರಿಂದ ಇಬ್ಬರು ಬಂದಿದ್ದರು. ಮಕ್ಕಳ ಕಿವಿಗೆ ಮಷೀನು ಇಟ್ಟು ನೋಡಿದರು. ಅಳಿಲು ಒಂದು ಸದ್ದಿಗೆ ಕಣ್ಣು ಮಿಟುಕಿಸಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನೋ ಬರೆದುಕೊಂಡರು. ಚಹಾ, ಬಿಸ್ಕತ್ತು ಕೊಟ್ಟು ಕಳಿಸಿದೆ.

ಬೇರೆ ಏನೂ ವಿಶೇಷ ಇಲ್ಲ.

ಅತ್ತಿಗೆ


ಸೆಪ್ಟೆಂಬರ್ 15

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಇಷ್ಟು ಚಿಕ್ಕದಾ! ಎಷ್ಟು ಸುಸ್ತಾಗಿದ್ದೀರೋ ಅಂತ ಓದುವಾಗಲೇ ಗೊತ್ತಾಯ್ತು. ಟೈಲರಕ್ಕನಿಗೆ ಹೇಳಿ ಎರಡು ದಿನ ರಜ ತಗೊಳ್ಳಿ.

ಸಂಸ್ಥೆಯವರು ಮಷೀನು ದಾನ ಕೊಟ್ಟರೆ ಕೊಡಲಿ, ಬೇಡ ಅನ್ನಬೇಡಿ. ಆದರೆ ಅದರಾಚೆಗೆ ಹತ್ತಿರ ಸೇರಿಸಬೇಡಿ. ಕೆಲವು ಸಂಸ್ಥೆಗಳು ಮಾತು ಕಲಿಸ್ತೀವಿ ಅಂತ ಕೈಮಾತು ಬಿಡಿಸ್ತವೆ, ಮಕ್ಕಳು ಎರಡೂ ಇಲ್ಲದೆ ನಡುವೆ ನಿಂತುಬಿಡ್ತಾವೆ ಅಂತ ಇಲ್ಲಿನ ಟೀಚರುಗಳು ಹೇಳ್ತಾರೆ. ಇದನ್ನೆಲ್ಲ ನಿಮಗೆ ಯಾಕೆ ಹೇಳ್ತಿದ್ದೀನೋ. ಅಳಿಲಿಗೆ ಎರಡು ವರ್ಷ ಆಗಿದ್ದಾಗ ನಾವಿಬ್ಬರೂ ಅಡುಗೆಮನೆ ನೆಲದಲ್ಲಿ ಕೂತು ಟೈಲರಕ್ಕನ ಹತ್ತಿರ ‘ಹಾಲು’, ‘ನಿದ್ದೆ’ ಕಲಿತವರಲ್ಲವೇ! ಮಹಡಿಯ ಚಿಂತೆ ಬಿಡಿ. ನಾನು ಬಂದ ಮೇಲೆ ಇಬ್ಬರೂ ಸೇರಿ ಜಾಗ ಹುಡುಕೋಣ.

ನಿಮ್ಮ ನಾದಿನಿ


ನವೆಂಬರ್ 3

ಪ್ರೀತಿಯ ಅತ್ತಿಗೆ,

ಎರಡು ಕಾಗದ ಹಾಕಿದೆ, ಉತ್ತರ ಇಲ್ಲ. ಹುಷಾರಾಗಿದ್ದೀರಿ ತಾನೇ?

ಇವತ್ತು ಒಂದು ವಿಷಯ ಆಯ್ತು. ಇಲ್ಲಿ ವರದಿ ಬರೆಯೋದನ್ನ ಕಲಿಸುವ ಒಬ್ಬರು ಮೇಷ್ಟ್ರಿದ್ದಾರೆ. ಕುಳ್ಳಗಿನ ಆಳು, ದೊಡ್ಡ ಗಂಟಲು. ನಾನು ಶಾಲೆಯ ವರದಿಯಲ್ಲಿ ಜಾಣತನ ತೋರಿಸೋಣ ಅಂತ ‘ಪೇರೆಂಟ್ಸ್ ಆ್ಯಂಡ್ ಓರೆಗೆರೆ ಆರ್ ಟೀಚರ್ಸ್’ ಅಂತ ಬರೆದಿದ್ದೆ. ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಎಲ್ಲರೆದುರಿಗೆ ಎಬ್ಬಿಸಿ ನಿಲ್ಲಿಸಿದರು.

“ಏನಮ್ಮಾ, ‘ನರ್ಸ್ ಮತ್ತು ಅಥವಾ ಡಾಕ್ಟರ್ ಬರ್ತಾರೆ’ ಅಂದರೆ ನೀನು ಎಷ್ಟು ಕುರ್ಚಿ ಹಾಕ್ತೀಯ?”

“ಎರಡು ಸಾರ್.”

“ಒಬ್ಬರೇ ಬಂದರೆ?”

“ಒಂದು ಖಾಲಿ ಇರುತ್ತೆ.”

“ಖಾಲಿ ಕುರ್ಚಿಯವರು ಬಂದು ‘ನನ್ನನ್ನ ಬಿಟ್ಟು ಯಾಕೆ ಶುರು ಮಾಡಿದಿರಿ’ ಅಂತ ಜಗಳ ಆಡಿದರೆ? ಆಡೋ ಹಾಗಿಲ್ಲ. ನೀನೇ ಬರೆದುಕೊಟ್ಟಿದ್ದೀಯ, ಒಬ್ಬರೇ ಸಾಕು ಅಂತ.”

ಆಮೇಲೆ ವಿವರಿಸಿದರು. ಆ ಜೋಡಿಗೆ ಮೂರು ಅರ್ಥವಂತೆ: ಇವರು, ಅವರು, ಇಲ್ಲ ಇಬ್ಬರೂ. ಯಾವುದು ಅಂತ ಆರಿಸೋದು ಓದುವವನ ಅನುಕೂಲ. ಕಚೇರಿ ಕಾಗದಗಳಲ್ಲಿ ಗತ್ತಿಗೆ ಬಳಸ್ತಾರೆ, ಕೆಲವರು ಬೇಕಂತಲೇ ಬಳಸ್ತಾರೆ. ಇಬ್ಬರೂ ಬೇಕು ಅಂದರೆ ‘ಇಬ್ಬರೂ’ ಅಂತ ಬರಿ, ಒಬ್ಬರು ಸಾಕು ಅಂದರೆ ‘ಯಾರಾದರೂ ಒಬ್ಬರು’ ಅಂತ ಬರಿ, ಕಾಗದ ಉದ್ದ ಆದರೆ ನಿನ್ನ ಗಂಟೇನು ಹೋಗುತ್ತೆ ಅಂದರು.

ನಿಮಗೂ ಆ ವಕೀಲರು ತಪ್ಪಾಗಿ ಹೇಳಿಕೊಟ್ಟಿರಬೇಕು ಅತ್ತಿಗೆ. ನಮ್ಮ ನಾಲ್ಕನೇ ಕಲಮು ತಿದ್ದಿಸಿಬಿಡಿ. ನಾಳೆ ಯಾರಾದರೂ ನಿಮ್ಮ ಮೇಲೆ ಒತ್ತಡ ಹಾಕಿ ಒಬ್ಬರ ಹತ್ತಿರವೇ ಸಹಿ ಮಾಡಿಸಿಕೊಂಡರೆ ನಿಮಗೇ ಕಷ್ಟ.

ನಿಮ್ಮ ನಾದಿನಿ


ನವೆಂಬರ್ 24

ಅತ್ತಿಗೆ,

ಮೂರು ವಾರ ಆಯ್ತು. ಪ್ರೆಸ್ಸಿನ ನಂಬರಿಗೆ ಫೋನ್ ಮಾಡಿದ್ದೆ. “ಮೇಲೆ ಯಾರೂ ಇಲ್ಲಮ್ಮ, ಬೆಂಚೆಲ್ಲ ತಗೊಂಡು ಹೋದರಲ್ಲ” ಅಂದರು. ರಾಂಗ್ ನಂಬರ್ ಇರಬೇಕು ಅಂತ ಇನ್ನೊಂದು ಸಲ ಮಾಡಿದೆ. ಅದೇ ದನಿ.

ಒಂದು ಸಾಲು ಬರೀರಿ.


ನವೆಂಬರ್ 28
(ಟೈಪ್ ಮಾಡಿದ ಪತ್ರ)

ಮಾನ್ಯರೇ,

ಟ್ರಸ್ಟ್ ಪತ್ರದ ನಾಲ್ಕನೇ ಕಲಮಿನಂತೆ ಮುಖ್ಯೋಪಾಧ್ಯಾಯಿನಿ ಮತ್ತು/ಅಥವಾ ಕಾರ್ಯದರ್ಶಿಗೆ ನೀಡಲಾಗಿರುವ ಅಧಿಕಾರದನ್ವಯ, ಶಾಲೆಯನ್ನೂ ಅದರ ಇಪ್ಪತ್ತಮೂರು ವಿದ್ಯಾರ್ಥಿಗಳನ್ನೂ ವಾಕ್ ಶಿಕ್ಷಣ ಸಂಸ್ಥೆಯೊಂದಿಗೆ ವಿಲೀನಗೊಳಿಸುವ ಕರಾರಿಗೆ ಕಾರ್ಯದರ್ಶಿಯವರು ಅಕ್ಟೋಬರ್ 21ರಂದು ಸಹಿ ಮಾಡಿರುತ್ತಾರೆ ಎಂದು ಈ ಮೂಲಕ ತಿಳಿಸಲಾಗಿದೆ. ಸಂಸ್ಥೆಯ ನಿಯಮದಂತೆ ತರಗತಿಗಳಲ್ಲಿ ಕೈಸನ್ನೆಯ ಬಳಕೆಯನ್ನು ನಿಲ್ಲಿಸಲಾಗಿದೆ. ಮುಖ್ಯೋಪಾಧ್ಯಾಯಿನಿಯ ಹುದ್ದೆ ಮುಂದುವರಿಯುವುದಿಲ್ಲ.

ಕಾರ್ಯದರ್ಶಿ

(ಕೆಳಗೆ ಕೈಬರಹದಲ್ಲಿ)
ಅಲ್ಲಿ ಚಳಿ ಶುರುವಾಗಿದೆ ಅಂತ ಕೇಳಿದೆ. ನಿನ್ನ ನೀಲಿ ಸ್ವೆಟರ್ ಇಲ್ಲೇ ಇದೆ. ಕಳಿಸಲೇ?


ಡಿಸೆಂಬರ್ 9

ಕಾರ್ಯದರ್ಶಿಯವರಿಗೆ,

ಸ್ವೆಟರ್ ಬೇಡ.

ನಿಮ್ಮ ಮನೆ ಬಾಗಿಲಲ್ಲಿ ಮೊನ್ನೆ ನಾನು ಕೇಳಿದ್ದು ಒಂದೇ ಮಾತು, “ನೀವೇ ಸಹಿ ಮಾಡಿದಿರಾ?” “ಕಾಗದದಲ್ಲಿ ಅವಕಾಶ ಇತ್ತು” ಅಂದಿರಿ. “ಅವಕಾಶ ಇತ್ತಾ ಅಂತ ನಾನು ಕೇಳಲಿಲ್ಲ” ಅಂದೆ. ನೀವು ಒಳಗೆ ಹೋಗಿ ಒಲೆ ಸಣ್ಣ ಮಾಡಿದಿರಿ. ಅಣ್ಣ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕ್ತಿದ್ದ. “ನಿನಗೂ ಗೊತ್ತಿತ್ತಾ?” ಅಂದೆ. ಅದೇ ಬೂಟನ್ನ ಇನ್ನೊಂದು ಸಲ ಉಜ್ಜಿದ.

ನಿಮಗೆ ಹೇಳದೇ ಇದ್ದದ್ದನ್ನ ಈಗ ಬರೀತೀನಿ. ವಾಪಸ್ ಹಾಸ್ಟೆಲಿಗೆ ಬರೋ ಮೊದಲು ಆ ಸಂಸ್ಥೆಗೆ ಹೋಗಿದ್ದೆ. ಚೆನ್ನಾಗಿದೆ ಕಟ್ಟಡ. ಹೊಸ ಬಣ್ಣ, ಬಿಸಿನೀರು, ಬಾಗಿಲ ಮುಂದೆ ಹಳದಿ ಬಸ್ಸು. ತರಗತಿ ಬಾಗಿಲಿನ ಗಾಜಿನಲ್ಲಿ ನೋಡಿದೆ. ನಮ್ಮ ಮಕ್ಕಳೆಲ್ಲ ಸಾಲಾಗಿ ಕೂತಿದ್ದವು, ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು. ಟೀಚರು ಒಂದೊಂದು ಮಗುವಿನ ಬಾಯಿ ಮುಂದೆ ಕಾಗದದ ಚೂರು ಹಿಡಿದು ‘ಪ, ಪ’ ಅನ್ನಿಸ್ತಿದ್ದರು. ಕಾಗದ ಅಲುಗಿದರೆ ಸರಿ, ಇಲ್ಲದಿದ್ದರೆ ಮತ್ತೆ. ಅಳಿಲು ನನ್ನನ್ನ ನೋಡಿದಳು. ಅವಳ ಕೈ ಎರಡೂ ಚಿಮ್ಮಿ ಹೊರಗೆ ಬಂದವು. ‘ಅತ್ತೆ, ಎಲ್ಲಿ ಹೋಗಿದ್ದೆ’ ಅಷ್ಟು ಹೇಳೋ ಹೊತ್ತಿಗೆ ಟೀಚರು ತಿರುಗಿ ನೋಡಿದರು. ಹೊಡೆಯಲಿಲ್ಲ, ಗದರಲೂ ಇಲ್ಲ. ಬರೀ ನೋಡಿದರು. ಅವಳೇ ಕೈ ಒಳಗೆ ಸೇರಿಸಿಕೊಂಡಳು.

ಟೈಲರಕ್ಕನ ಮನೆಗೂ ಹೋಗಿದ್ದೆ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲವಂತೆ. ಸೋಮವಾರ ಎಂದಿನ ಹಾಗೆ ಮಹಡಿ ಹತ್ತಿದಳಂತೆ. ಖಾಲಿ ಕೋಣೆ. ಮಕ್ಕಳಿಗೆ ಏನೋ ಆಗಿದೆ ಅಂದುಕೊಂಡು ಬೀದಿ ಬೀದಿ ಓಡಿದಳಂತೆ. ಕೂಗಿ ಕೇಳೋಕೆ ಅವಳಿಗೆ ಬಾಯಿ ಬರಲ್ಲ. ಒಂದು ಚೀಟಿ ಬರೆದು ಕಳಿಸೋದೂ ನಿಮ್ಮ ಕೈಲಿ ಆಗಲಿಲ್ಲವಾ? ದಿನಕ್ಕೆ ಎಷ್ಟೋ ಹಾಳೆ ಟೈಪ್ ಮಾಡ್ತೀರಲ್ಲ.

ನಮ್ಮ ಮೇಷ್ಟ್ರಿಗೆ ನಿಮ್ಮ ಪತ್ರವನ್ನೂ ಟ್ರಸ್ಟ್ ಪತ್ರದ ನಕಲನ್ನೂ ತೋರಿಸಿದೆ. ಗಟ್ಟಿಯಾಗಿದೆ, ಏನೂ ಮಾಡೋಕಾಗಲ್ಲ ಅಂದರು. “ಈ ಕಲಮಿಗೆ ನೀನು ಹೇಗಮ್ಮ ಸಹಿ ಮಾಡಿದೆ, ಯಾರನ್ನೂ ಕೇಳಲಿಲ್ಲವಾ?” ಅಂದರು. ಕೇಳಿದೆ ಸಾರ್ ಅಂದೆ.

ಹೆಡ್ ಟೀಚರ್ (ಹುದ್ದೆ ಇಲ್ಲ)


ಜನವರಿ 16

ನಾದಿನಿಗೆ,

ಅಪ್ಪಿತಪ್ಪಿ ಆಯ್ತು ಅಂತ ಬರೆಯೋಣ ಅಂತ ನಾಲ್ಕು ಹಾಳೆ ಹರಿದೆ. ನೀನು ವಕೀಲರನ್ನ ಬಯ್ಯಬೇಡ. ಅವರ ಕರಡಿನಲ್ಲಿ ಬರೀ ‘ಆ್ಯಂಡ್’ ಇತ್ತು. ಆ ಗೆರೆ, ಆ ‘ಆರ್’ ಸೇರಿಸಿದ್ದು ನಾನು. ಮೂರು ಸಲ ಕೀಲಿ ಒತ್ತಿದೆ, ಅಷ್ಟೇ. ಅವರು ಕನ್ನಡಕ ಹಾಕಿಕೊಳ್ಳದೆ ಓದ್ತಾರೆ ಅಂತ ನನಗೆ ಗೊತ್ತಿತ್ತು. ನೀನು ನನ್ನನ್ನೇ ಕೇಳ್ತೀಯ ಅಂತಲೂ ಗೊತ್ತಿತ್ತು.

ಯಾಕೆ ಅಂತ ನೀನು ಕೇಳಲೇ ಇಲ್ಲ. ಆದರೂ ಹೇಳ್ತೀನಿ.

ಮೇ ತಿಂಗಳಲ್ಲಿ, ನೀನು ಹೊರಡೋ ಮೊದಲೇ, ಅಳಿಲನ್ನ ಆ ಸಂಸ್ಥೆಗೆ ಕರೆದುಕೊಂಡು ಹೋಗಿದ್ದೆ. ನಿನಗೆ ಹಲ್ಲಿನ ಡಾಕ್ಟರ್ ಅಂದಿದ್ದೆ. ಹೊರಗೆ ಕಾಯ್ತಾ ಕೂತಿದ್ದಾಗ ಯಾವುದೋ ಮಗು “ಅಮ್ಮಾ” ಅಂತು. ನಾನು ತಿರುಗಿದೆ. ನನ್ನ ಮಗಳು ಕೂಗಲ್ಲ ಅಂತ ಗೊತ್ತಿದ್ದೂ ತಿರುಗಿದೆ. ಒಂಬತ್ತು ವರ್ಷದಿಂದ ಹಾಗೇ ತಿರುಗ್ತಾ ಇದ್ದೀನಿ, ಅಂಗಡಿಯಲ್ಲಿ, ಬಸ್ಸಿನಲ್ಲಿ. ಅವತ್ತು ಒಳಗಿದ್ದ ಮೇಡಂ ಹೇಳಿದರು, ಇವಳಿಗೆ ಸ್ವಲ್ಪ ಕೇಳಿಸುತ್ತೆ, ಮಾತು ಬರಿಸಬಹುದು, ಆದರೆ ಹತ್ತು ತುಂಬೋ ಮೊದಲೇ ಆಗಬೇಕು, ಕೈಸನ್ನೆ ಪೂರ್ತಿ ಬಿಡಬೇಕು ಅಂತ. ಶಾಲೆಯನ್ನೇ ಅವರಿಗೆ ಕೊಟ್ಟರೆ ಎಲ್ಲ ಮಕ್ಕಳನ್ನೂ ತಗೊಳ್ತೀವಿ ಅಂದರು. ನಿನ್ನನ್ನ ಕೇಳಿದ್ದರೆ ನೀನು ಒಪ್ಪುತ್ತಿದ್ದೆಯಾ?

ಬೇರೆ ಅಪ್ಪ ಅಮ್ಮಂದಿರು ಖುಷಿಯಾಗಿದ್ದಾರೆ. ಅವಳಿ ಹುಡುಗಿಯರ ತಾಯಿ ನನ್ನ ಕೈ ಹಿಡಿದು ಅತ್ತಳು.

ಟೈಲರಕ್ಕನ ಬೀದಿಯಲ್ಲಿ ಈಗ ನಾನು ಓಡಾಡಲ್ಲ, ಸುತ್ತಿ ಹೋಗ್ತೀನಿ.

ಅತ್ತಿಗೆ


ಜನವರಿ 27

ಒಪ್ಪುತ್ತಿರಲಿಲ್ಲ. ಜಗಳ ಆಡ್ತಿದ್ದೆ, ಊಟ ಬಿಡ್ತಿದ್ದೆ, ಅಣ್ಣನಿಗೆ ದೂರು ಹೇಳ್ತಿದ್ದೆ. ಆದರೂ ನೀವು ಅವಳ ತಾಯಿ. ಅಳಿಲೊಬ್ಬಳನ್ನ ಕರೆದುಕೊಂಡು ಹೋಗ್ತೀನಿ ಅಂದಿದ್ದರೆ ನಾನು ಹೊಟ್ಟೆ ಉರಿಸಿಕೊಂಡಾದರೂ ಬ್ಯಾಗು ಜೋಡಿಸಿ ಕೊಡ್ತಿದ್ದೆ. ಅದನ್ನ ಮಾಡೋಕೆ ನಿಮಗೆ ನನ್ನ ಸಹಿ ಬೇಕಿರಲಿಲ್ಲ. ಉಳಿದ ಇಪ್ಪತ್ತೆರಡು ಮಕ್ಕಳನ್ನ ಯಾಕೆ ಎಳೆದುಕೊಂಡು ಹೋದಿರಿ? ಒಬ್ಬರೇ ಮಾಡಿದರೆ ತಪ್ಪು ಅನ್ನಿಸುತ್ತೆ, ಎಲ್ಲರನ್ನೂ ಸೇರಿಸಿದರೆ ಒಳ್ಳೆಯ ಕೆಲಸ ಅನ್ನಿಸುತ್ತೆ ಅಂತಲೇ?

ನಿಮ್ಮ ಜೂನ್ ತಿಂಗಳ ಕಾಗದ ಮತ್ತೆ ಓದಿದೆ. ‘ಗುಂಡುಕಲ್ಲಿನ ಹಾಗೆ ಇದ್ದೀಯ’ ಅಂತ ಬರೆದಿದ್ದೀರಿ. ಅದನ್ನ ಓದಿ ಆವತ್ತು ಎಷ್ಟು ನಕ್ಕಿದ್ದೆ, ಪಕ್ಕದ ರೂಮಿನವಳಿಗೂ ಓದಿ ಹೇಳಿದ್ದೆ.

ಇನ್ನು ಬರೀಬೇಡಿ.


ಏಪ್ರಿಲ್ 20

ನೀನು ಬರೀಬೇಡ ಅಂದಿದ್ದೆ. ಮೂರು ತಿಂಗಳು ಬರೀಲಿಲ್ಲ. ಇದೊಂದು ಓದು.

ಮಾರ್ಚ್ ಎರಡನೇ ವಾರ ಸಂಸ್ಥೆಯಲ್ಲಿ ದೊಡ್ಡವರೆಲ್ಲ ಬಂದಿದ್ದರು. ಅಳಿಲನ್ನ ವೇದಿಕೆ ಹತ್ತಿಸಿದರು. ಅವಳು “ಅಮ್ಮ” ಅಂದಳು. ಸ್ಪಷ್ಟವಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೊದಲನೇ ಸಾಲಿನಲ್ಲಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ, ಟೀಚರ ಗಂಟಲು ನೋಡ್ತಾ ಅಂದಳು. ಆಮೇಲೆ ‘ಸರಿ ಇತ್ತಾ’ ಅನ್ನೋ ಹಾಗೆ ಅವರ ಮುಖ ನೋಡಿದಳು. ಮನೆಗೆ ಬಂದ ಮೇಲೆ ನಾನು “ಇನ್ನೊಂದು ಸಲ ಅನ್ನು” ಅಂದೆ. ಅಂದಳು. ಮತ್ತೆ ಅಂದೆ, ಮತ್ತೆ ಅಂದಳು. ಏಳು ಸಲ. ಎಂಟನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು. ಆಗ ನನಗೆ ಹೊಳೆಯಿತು, ಅದು ನನ್ನ ಹೆಸರು ಅಂತ ಯಾರೂ ಅವಳಿಗೆ ಹೇಳೇ ಇಲ್ಲ. ಅದೊಂದು ಪಾಠ, ಅಷ್ಟೇ.

ಅವತ್ತಿನಿಂದ ಅವಳು ಕೈ ಆಡಿಸ್ತಿಲ್ಲ. ಮನೆಯಲ್ಲೂ ಇಲ್ಲ. ಹೋದ ವಾರ ಜ್ವರ ಬಂದಿತ್ತು. ಎಲ್ಲಿ ನೋವು ಅಂತ ಕೇಳಿದರೆ ಸುಮ್ಮನೆ ನೋಡಿದಳು. ಕೈ ಹೊರಗೆ ತೆಗೆ, ಹೇಳು ಅಂತ ನಾನೇ ಗೋಗರೆದೆ. ತೆಗೆದಳು, ಏನೋ ಉದ್ದಕ್ಕೆ ಹೇಳಿದಳು. ನನಗೆ ಒಂದೂ ಅರ್ಥ ಆಗಲಿಲ್ಲ. ‘ಹಾಲು’, ‘ನಿದ್ದೆ’ಯಂಥ ನಾಲ್ಕಾರು ಬಿಟ್ಟು ಮುಂದೆ ನಾನು ಕಲಿಯಲೇ ಇಲ್ಲ. ಏಳು ವರ್ಷ ಅವಳ ಮಾತನ್ನ ನೀನು ಹೇಳ್ತಿದ್ದೆ, ಟೈಲರಕ್ಕ ಹೇಳ್ತಿದ್ದಳು, ನಾನು ತಲೆ ಆಡಿಸ್ತಿದ್ದೆ. ಮಧ್ಯಾಹ್ನ ಟೈಲರಕ್ಕನ ಬಾಗಿಲಿಗೆ ಹೋಗಿ ನಿಂತೆ. ಅವಳು ನನ್ನನ್ನ ನೋಡಿದಳು, ಚಪ್ಪಲಿ ಹಾಕಿಕೊಂಡು ನನ್ನ ಮುಂದೆ ಮುಂದೆ ನಡೆದಳು. ಮಂಚದ ಪಕ್ಕ ಕೂತು ಎರಡು ನಿಮಿಷ ಮಾತಾಡಿಸಿ, ಚೀಟಿಯಲ್ಲಿ ಬರೆದುಕೊಟ್ಟಳು: ‘ಕಿವಿ ಒಳಗೆ ನೋವು, ಮಷೀನು ಹಾಕಿದರೆ ಚುಚ್ಚುತ್ತೆ, ಎರಡು ತಿಂಗಳಿಂದ.’

ಅವಳನ್ನ ಆ ಸಂಸ್ಥೆಯಿಂದ ಬಿಡಿಸಿದ್ದೀನಿ. ಇಲ್ಲಿ ಈಗ ಬೇರೆ ಶಾಲೆ ಇಲ್ಲ, ಇದ್ದದ್ದನ್ನ ನಾನೇ ಮುಚ್ಚಿಸಿದೆ. ನಿನಗೆ ಅಲ್ಲಿನ ಶಾಲೆಯಲ್ಲೇ ಕೆಲಸ ಸಿಕ್ಕಿದೆ ಅಂತ ನಿಮ್ಮಣ್ಣ ಹೇಳಿದರು. ಅವಳನ್ನ ನಿನ್ನ ಹತ್ತಿರ ಇಟ್ಟುಕೊಳ್ತೀಯಾ? ನನ್ನ ಮುಖ ನೋಡಿ ಬೇಡ.


ಏಪ್ರಿಲ್ 29

ಅಣ್ಣನ ಜೊತೆ ಕಳಿಸಿ. ನೀವು ಬರೋದು ಬೇಡ.


ಜೂನ್ 21

ಅತ್ತಿಗೆಗೆ,

ಅಳಿಲು ಚೆನ್ನಾಗಿದ್ದಾಳೆ. ಕಿವಿ ವಾಸಿಯಾಗಿದೆ. ಮೊದಲ ಹದಿನೈದು ದಿನ ಕೈ ತೊಡೆ ಕೆಳಗೇ ಇತ್ತು, ಊಟಕ್ಕೆ ಕೂತರೂ. ಯಾರೂ ಬಲವಂತ ಮಾಡಲಿಲ್ಲ. ಆಮೇಲೆ ಒಂದು ದಿನ ಪಕ್ಕದ ಬೆಂಚಿನ ಹುಡುಗಿ ಇವಳ ರಬ್ಬರ್ ಎತ್ತಿಕೊಂಡಳು. ನಮ್ಮವಳು ಎದ್ದು ನಿಂತು, ಎರಡೂ ಕೈಯಲ್ಲಿ, ನಾನು ಯಾವತ್ತೂ ಕಲಿಸದೇ ಇದ್ದ ಬೈಗುಳಗಳನ್ನೆಲ್ಲ ಬೈದಳು. ನಾನು ಬೋರ್ಡಿನ ಕಡೆ ತಿರುಗಿ ಅಳಬೇಕಾಯ್ತು. ಶಿಕ್ಷೆ ಮಾತ್ರ ಕೊಟ್ಟೆ.

ನಿಮ್ಮ ಮೇಲಿನ ಸಿಟ್ಟು ಇಳಿದಿದೆಯಾ ಅಂತ ಅಣ್ಣ ಕೇಳ್ತಾನೆ. ಇಳಿದಿಲ್ಲ. ಈಗ ಯಾರು ಯಾವ ಕಾಗದ ಕೊಟ್ಟರೂ ಮೂರು ಮೂರು ಜನರನ್ನ ಕೇಳ್ತೀನಿ, ಕೇಳಿದ ಮೇಲೂ ಸಹಿ ನಾಳೆಗೆ ಮುಂದೂಡ್ತೀನಿ. ಅಂಗಡಿಯವನ ಚೀಟಿಗೂ ಹಾಗೇ. ಇದು ನೀವು ಕೊಟ್ಟದ್ದು. ಉಳಿದ ಮಕ್ಕಳು ಇನ್ನೂ ಅಲ್ಲೇ ಇದ್ದಾವೆ. ಅದನ್ನ ನೀವೂ ಮರೀಬೇಡಿ.

ನೆನ್ನೆ ಅಳಿಲು ನನ್ನನ್ನ ಕೇಳಿದಳು, ‘ಅಮ್ಮನಿಗೆ ನನ್ನ ಮೇಲೆ ಕೋಪವಾ? ನಾನು ಸರಿಯಾಗಿ ಹೇಳಲಿಲ್ಲ ಅಂತ ಕಳಿಸಿಬಿಟ್ಟಳಾ?’ ಅಮ್ಮನನ್ನೇ ಕೇಳು ಅಂದೆ. ನಿಮ್ಮ ಪರವಾಗಿ ಮಾತಾಡೋ ಕೆಲಸ ನಾನು ಏಳು ವರ್ಷ ಮಾಡಿದೆ, ಸಾಕು. ಅದನ್ನ ನೀವೇ ಹೇಳಬೇಕು, ಅವಳ ಎದುರಿಗೆ ಕೂತು, ಕೈಯಲ್ಲಿ.

ಇಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ತಂದೆ ತಾಯಂದಿರಿಗೆ ಕೈಮಾತಿನ ತರಗತಿ ಇದೆ. ರೈಲು ಎಂಟೂವರೆಗೆ ಬರುತ್ತೆ, ಸ್ಟೇಷನ್ನಿನಿಂದ ನಡೆದರೆ ಇಪ್ಪತ್ತು ನಿಮಿಷ. ಪಾಠ ಮಾಡೋದು ನಾನು. ಬೇರೆಯವರಿಗೆ ಹೇಗೆ ಕಲಿಸ್ತೀನೋ ನಿಮಗೂ ಹಾಗೇ ಕಲಿಸ್ತೀನಿ. ಅದಕ್ಕಿಂತ ಹೆಚ್ಚು ನನ್ನಿಂದ ನಿರೀಕ್ಷೆ ಮಾಡಬೇಡಿ.

ನೋಟ್ ಪುಸ್ತಕ ತರೋದು ಬೇಡ. ಕೈ ಖಾಲಿ ಇರಬೇಕು.